ಋತುಗಳೂ ಭರತ-ಇಳಿತಗಳೂ: ಹಾವೇರಿ ಸೀಮೆಯನ್ನು ಕುರಿತು

ಋತುಗಳು ಸೂರ್ಯನ ಬೆಳಕಿನಿಂದ ಆಗತಕ್ಕವು. ಸಮುದ್ರದ ಭರತ-ಇಳಿತಗಳು ಚಂದ್ರ ಸೂರ್ಯರ ಸೆಳೆತದಿಂದ ಆಗತಕ್ಕವು. ಸೂರ್ಯಕಿರಣಗಳು ಒಂದು ನಾಡಿನ ಮೇಲೆ ವರ್ಷದ ಒಂದೊಂದು ಕಾಲದಲ್ಲಿ ಒಂದೊಂದು ಓರೆಯಲ್ಲಿ ಬೀಳುವುದರಿಂದ ಬೇಸಗೆ, ಮಳೆಗಾಲ, ಚಳಿಗಾಲಗಳು ಒಂದನ್ನೊಂದು ಹಿಂಬಾಲಿಸುತ್ತವೆ. ಚಂದ್ರ ಸೂರ್ಯರ ಗುರುತ್ವಾಕರ್ಷಣೆಯು ಭೂಮಿಯ ಹತ್ತಿರದ ಮಗ್ಗುಲಿಗೆ ಹೆಚ್ಚಾಗಿಯೂ ದೂರದ ಮಗ್ಗುಲಿಗೆ ಕಡಿಮೆಯಾಗಿಯೂ ತಗಲುವುದರಿಂದ ಕಡಲಿನ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ಹಾವೇರಿ ಮತ್ತು ಅದಕ್ಕೆ ಸೇರಿದ ರಾಣೆಬೆನ್ನೂರು, ಬ್ಯಾಡಗಿಗಳ ಸೀಮೆಯು ಕುಮಟೆಯ ಕಡಲತೀರದಿಂದ ನೂರು ಕಿಲೋಮೀಟರಿಗೂ ಮಿಕ್ಕಿ ದೂರದಲ್ಲಿ, ಸಹ್ಯಾದ್ರಿಯ ಮೂಡಣ ಇಳಿಜಾರು ಮುಗಿದು ಬಯಲು ತೊಡಗುವೆಡೆಯಲ್ಲಿರುವುದರಿಂದ, ಋತುಗಳ ವಿಚಾರ ಇಲ್ಲಿಯ ಒಕ್ಕಲಿಗನಿಗೆ ಅಂಗೈ ನೆಲ್ಲಿಯಷ್ಟು ಸ್ಪಷ್ಟ. ಭರತದ ವಿಚಾರವೋ ಕೇಳಿ ತಿಳಿದ ಮಾತು. ಆದರೆ ಕಡಲಿಲ್ಲದ ಈ ನೆಲವನ್ನು ಆ ಸೆಳೆತವು ಬಿಟ್ಟಿಲ್ಲ. ಅದು ಕಾಲ ಕೆಳಗಿನ ಬಂಡೆಯಲ್ಲಿದೆ. ಗೋಡೆಯ ಮಾಡದಲ್ಲಿಟ್ಟ ಪಂಚಾಂಗದಲ್ಲಿಯೂ ಇದೆ.

ಮೊದಲು ಸೂರ್ಯನ ವಿಚಾರ. ಭೂಮಿಯು ಸೂರ್ಯನನ್ನು ಸುತ್ತುವ ಸಮತಲಕ್ಕೆ ಅದರ ಅಕ್ಷವು ನೆಟ್ಟಗೆ ನಿಂತಿಲ್ಲ, 23.4 ಡಿಗ್ರಿಯಷ್ಟು ಬಾಗಿದೆ, ಮತ್ತು ವರ್ಷವಿಡೀ ಆಕಾಶದ ಒಂದೇ ದಿಕ್ಕಿಗೆ ಬಾಗಿಕೊಂಡೇ ಇರುತ್ತದೆ. ಆದುದರಿಂದ ಭೂಮಿಯು ಕಕ್ಷೆಯ ಒಂದು ಕಡೆಯಲ್ಲಿದ್ದಾಗ ಉತ್ತರಾರ್ಧವೂ ಇನ್ನೊಂದು ಕಡೆಯಲ್ಲಿದ್ದಾಗ ದಕ್ಷಿಣಾರ್ಧವೂ ಸೂರ್ಯನಿಗೆ ಎದುರಾಗುತ್ತವೆ. ಇದನ್ನು ಅರಿಯಲು ದೂರದರ್ಶಕ ಬೇಕಾಗಿಲ್ಲ. ಕಣದ ನಡುವೆ ನೆಟ್ಟ ಆರಡಿಯ ಮೇಟಿಕಂಬವೊಂದೇ ಸಾಕು. ಹಾವೇರಿಯು ಉತ್ತರ ಅಕ್ಷಾಂಶ 14 ಡಿಗ್ರಿ 48 ನಿಮಿಷದ ಆಸುಪಾಸಿನಲ್ಲಿದೆ; ಬ್ಯಾಡಗಿ, ರಾಣೆಬೆನ್ನೂರುಗಳು ಅದಕ್ಕಿಂತ ತುಸು ತೆಂಕಣಕ್ಕೆ. ಡಿಸೆಂಬರ್ 21-22ರ ನಡುಹಗಲಿನಲ್ಲಿ ಸೂರ್ಯನು ಇಲ್ಲಿ ದಿಗಂತದಿಂದ ಸುಮಾರು 52 ಡಿಗ್ರಿ ಎತ್ತರಕ್ಕೆ ಏರಿ ನಿಲ್ಲುತ್ತಾನೆ. ಮೇಟಿಯ ನೆರಳು ಐದಡಿಗೆ ತುಸು ಕಡಿಮೆಯಾಗಿ ಬಡಗಣಕ್ಕೆ ಚಾಚಿಕೊಳ್ಳುತ್ತದೆ. ಅಂದಿನಿಂದ ನೆರಳು ದಿನದಿನಕ್ಕೆ ಕುಗ್ಗುತ್ತ ಬಂದು, ಏಪ್ರಿಲ್ ಕೊನೆಯ ಒಂದೆರಡು ದಿನಗಳಲ್ಲಿ ಸೂರ್ಯನು ಸರಿಯಾಗಿ ನೆತ್ತಿಯ ಮೇಲೆ ಬಂದಾಗ, ಕಂಬದ ಬುಡದಲ್ಲಿಯೇ ಅಡಗಿ ಹೋಗುತ್ತದೆ. ಅಲ್ಲಿಗೆ ನಿಲ್ಲದೆ ಅದು ತೆಂಕಣಕ್ಕೆ ಹೊರಳುತ್ತದೆ. ಜೂನ್ 21ರಂದು ಸೂರ್ಯನು ನೆತ್ತಿಗೆ ಸುಮಾರು 8.6 ಡಿಗ್ರಿ ಬಡಗಣಕ್ಕಿದ್ದು, ಒಂದಡಿಗೂ ಕಡಿಮೆಯಾದ ನೆರಳು ದಕ್ಷಿಣ ದಿಕ್ಕನ್ನು ತೋರಿಸುತ್ತದೆ. ಮರಳುವ ದಾರಿಯಲ್ಲಿ, ಆಗಸ್ಟ್ 13ರ ಸುಮಾರಿಗೆ, ನೆರಳಿಲ್ಲದ ನಡುಹಗಲು ಇನ್ನೊಮ್ಮೆ ಬರುವುದಾದರೂ ಅದು ಮೋಡದ ಮರೆಯಲ್ಲಿ ಕಳೆದುಹೋಗುವುದೇ ಹೆಚ್ಚು. ನಡುಹಗಲೆಂದರೆ ಗಡಿಯಾರದ ಹನ್ನೆರಡಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಭಾರತದ ವೇಳೆಯು 82.5 ಡಿಗ್ರಿ ರೇಖಾಂಶದ್ದು. ಹಾವೇರಿಯು ಅದಕ್ಕೆ ಏಳು ಡಿಗ್ರಿಗೂ ಹೆಚ್ಚು ಪಡುವಣಕ್ಕಿರುವುದರಿಂದ ಇಲ್ಲಿ ಸೂರ್ಯನು ಮಧ್ಯಾಕಾಶಕ್ಕೆ ಬರುವುದು ಸರಾಸರಿ 12 ಗಂಟೆ 28 ನಿಮಿಷಕ್ಕೆ.

ಸೂರ್ಯನು ಮೇಲೇರಿದಂತೆ ಎರಡು ಲಾಭಗಳು ಒಟ್ಟಿಗೆ ಒದಗುತ್ತವೆ. ಓರೆಯಾಗಿ ಬಿದ್ದ ಕಿರಣಗಳು ಹೆಚ್ಚು ನೆಲದ ಮೇಲೆ ಹರಡಿ ತೆಳುವಾಗುತ್ತವೆ, ನೆಟ್ಟಗೆ ಬಿದ್ದವು ಒತ್ತಾಗಿ ಬೀಳುತ್ತವೆ. ಅದರೊಡನೆ ಹಗಲೂ ಬೆಳೆಯುತ್ತದೆ. ಹಾವೇರಿಯಲ್ಲಿ ಜೂನ್ ತಿಂಗಳ ದೀರ್ಘತಮ ಹಗಲು ಸುಮಾರು 13 ಗಂಟೆಯದು, ಡಿಸೆಂಬರಿನ ಹ್ರಸ್ವತಮ ಹಗಲು ಹನ್ನೊಂದೂಕಾಲು ಗಂಟೆಯದು. ಉತ್ತರದ ಶೀತದೇಶಗಳಲ್ಲಿ ಈ ವ್ಯತ್ಯಾಸ ಹತ್ತು ಗಂಟೆಗೂ ಮೀರುತ್ತದೆ. ನಮ್ಮಲ್ಲಿ ಅದು ಎರಡು ಗಂಟೆಗೂ ಕಡಿಮೆಯಾದುದರಿಂದ ನಮ್ಮ ಋತುಗಳನ್ನು ಬೇರ್ಪಡಿಸುವುದು ಬರಿಯ ಬಿಸಿಲಿನ ಹೆಚ್ಚು-ಕಡಿಮೆಯಲ್ಲ, ಮಳೆ.

ಸೂರ್ಯನು ಹತ್ತಿರ ಬಂದಾಗ ಬೇಸಗೆ, ದೂರ ಸರಿದಾಗ ಚಳಿ ಎಂಬ ತಿಳಿವಳಿಕೆ ಇಂದಿಗೂ ಅನೇಕರಲ್ಲಿದೆ. ಅದು ತಪ್ಪೆಂಬುದಕ್ಕೆ ಬ್ಯಾಡಗಿಯ ಮೆಣಸಿನಕಾಯಿಗಿಂತ ಒಳ್ಳೆಯ ಸಾಕ್ಷಿಯನ್ನು ನಾನು ಕಾಣೆ. ಭೂಮಿಯು ಸೂರ್ಯನಿಗೆ ಅತಿ ಸಮೀಪವಾಗುವುದು ಜನವರಿಯ ಮೊದಲ ವಾರದಲ್ಲಿ. ಆಗಿನ ದೂರ ಸುಮಾರು 14.71 ಕೋಟಿ ಕಿಲೋಮೀಟರು. ಜುಲೈ ಮೊದಲ ವಾರದಲ್ಲಿ ಅದು 15.21 ಕೋಟಿಗೆ ಏರುತ್ತದೆ. ಆ ಜನವರಿಯ ದಿನಗಳಲ್ಲಿಯೇ ಈ ಸೀಮೆಯ ಕಣಗಳಲ್ಲಿ ಗಿಡದಿಂದ ಬಿಡಿಸಿದ ಕೆಂಪು ಕಾಯಿ ಹಾಸಿಕೊಂಡಿರುತ್ತದೆ. ಬೆಳಗಿನ ಇಬ್ಬನಿಗೆ ಮೆತ್ತಗಾದ ರಾಶಿಯನ್ನು ಹೊತ್ತೇರಿದ ಮೇಲೆ ತೆಳ್ಳಗೆ ಹರಡುವುದು, ಮೇಲಿನದು ಒಣಗಿದಂತೆ ಕೆಳಗಿನದನ್ನು ಮೇಲಕ್ಕೆ ತಿರುವಿ ಹಾಕುವುದು, ಸಂಜೆಗೆ ಒಟ್ಟುಮಾಡಿ ಮುಚ್ಚುವುದು, ಕಾಯಿಯ ಮೈ ಸುಕ್ಕುಗಟ್ಟಿ ಬಣ್ಣ ಕಪ್ಪುಗೆಂಪಿಗೆ ತಿರುಗಿ ಒಳಗಿನ ಬೀಜ ಗಿಲಕಿಯಂತೆ ಸದ್ದು ಮಾಡುವವರೆಗೆ ದಿನವೂ ಇದೇ ಕೆಲಸ. ಸೂರ್ಯ ಹತ್ತಿರವಿದ್ದುದರಿಂದ ಭೂಮಿಗೆ ಆಗ ದೊರೆಯುವ ಶಾಖ ಜುಲೈಗಿಂತ ನೂರಕ್ಕೆ ಏಳರಷ್ಟು ಹೆಚ್ಚೇ. ಆದರೆ ಕಿರಣಗಳ ಓರೆಯಿಂದ ಆಗುವ ನಷ್ಟ ಅದಕ್ಕಿಂತ ಬಹಳ ದೊಡ್ಡದಾದುದರಿಂದ ಬಿಸಿಲು ಹಿತವಾಗಿರುತ್ತದೆ, ಗಾಳಿ ಒಣಗಿರುತ್ತದೆ. ಖಾರ ಕಡಿಮೆಯಾಗಿ ಬಣ್ಣ ಗಾಢವಾಗಿರುವುದೇ ಹಿರಿಮೆಯಾದ ಈ ಕಾಯಿಗೆ (ಡಬ್ಬಿ, ಕಡ್ಡಿ ಎಂಬ ಎರಡು ಬಗೆ ಪ್ರಸಿದ್ಧ, 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ) ಅಂಥ ಒಣಹವೆ ಬೇಕೇಬೇಕು, ಒಣಗುವಾಗ ಅಕಾಲದ ಮೋಡ ಕವಿದರೆ ವರ್ಷದ ದುಡಿಮೆಯ ಬಣ್ಣವೇ ಮಾಸಿಹೋಗುತ್ತದೆ.

ಹಾಗಾದರೆ ಜೂನ್ ತಿಂಗಳಲ್ಲಿ ಹಗಲು ದೀರ್ಘವಾಗಿ ಸೂರ್ಯನೂ ನೆತ್ತಿಯ ಬಳಿಯಿರುವಾಗ ಹಾವೇರಿ ಏಕೆ ಕುದಿಯುವುದಿಲ್ಲ, ಏಪ್ರಿಲಿನಲ್ಲಿಯೇ ಏಕೆ ಕುದಿಯುತ್ತದೆ? ಉತ್ತರವು ಸೂರ್ಯನೇ ಎಬ್ಬಿಸುವ ಗಾಳಿಯಲ್ಲಿದೆ. ನೆಲವು ಬೇಗ ಕಾಯುತ್ತದೆ, ಕಡಲು ನಿಧಾನವಾಗಿ ಕಾಯುತ್ತದೆ. ಚೈತ್ರ ವೈಶಾಖಗಳಲ್ಲಿ ಭರತಖಂಡದ ನೆಲ ಕಾದು ಅದರ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ. ಭೂಮಧ್ಯರೇಖೆಯ ಬಳಿಯ ಮಳೆಪಟ್ಟಿಯು ಸೂರ್ಯನ ಹಿಂದೆಯೇ ಉತ್ತರಕ್ಕೆ ಸರಿಯುತ್ತದೆ. ದಕ್ಷಿಣ ಗೋಲಾರ್ಧದಿಂದ ಹೊರಟ ಗಾಳಿಯು ಭೂಮಧ್ಯರೇಖೆಯನ್ನು ದಾಟಿದೊಡನೆ ಭೂಭ್ರಮಣದ ಫಲವಾಗಿ ಬಲಕ್ಕೆ ಬಾಗಿ, ಅರಬ್ಬೀ ಸಮುದ್ರದ ತೇವವನ್ನೆಲ್ಲ ಹೊತ್ತು, ನೈಋತ್ಯದಿಂದ ನುಗ್ಗಿ ಬಂದು, ಜೂನ್ ತಿಂಗಳ ಬಿಸಿಲನ್ನು ಮೋಡದಿಂದ ಮುಚ್ಚಿ ನೆಲವನ್ನು ತಣಿಸುತ್ತದೆ. ಕಾದ ನೆಲ, ತಂಪಾದ ಕಡಲು ಎಂಬ ಈ ವಿವರಣೆಯನ್ನು 1686ರಲ್ಲಿ ಎಡ್ಮಂಡ್ ಹ್ಯಾಲಿಯೂ, ಭೂಭ್ರಮಣದ ಪಾತ್ರವನ್ನು 1735ರಲ್ಲಿ ಜಾರ್ಜ್ ಹ್ಯಾಡ್ಲಿಯೂ ಮುಂದಿಟ್ಟರು. ಸಹ್ಯಾದ್ರಿಯನ್ನು ಏರುವಾಗಲೇ ಆ ಗಾಳಿ ತನ್ನ ನೀರಿನ ಬಹುಭಾಗವನ್ನು ಸುರಿದುಬಿಡುತ್ತದೆ. ಉಳಿದುದನ್ನು ಹಾನಗಲ್ಲಿನ ಬತ್ತದ ಗದ್ದೆಗಳಿಂದ ಮೊದಲುಗೊಂಡು ಹಂಚುತ್ತ ಬರುವಷ್ಟರಲ್ಲಿ ರಾಣೆಬೆನ್ನೂರಿನ ಪಾಲಿಗೆ ಅಲ್ಪವೇ ಉಳಿಯುತ್ತದೆ. ಆ ಪಟ್ಟಣದ ಮಗ್ಗುಲಲ್ಲಿ ಕುರುಚಲು ಕಾಡು, ಹುಲ್ಲುಬಯಲು ಬೆಳೆದು ಕೃಷ್ಣಮೃಗಗಳು ನೆಲಸಿರುವುದು (1974ರಲ್ಲಿ ಸುಮಾರು 119 ಚದರ ಕಿಲೋಮೀಟರು ಪ್ರದೇಶ ಅವುಗಳ ಧಾಮವಾಯಿತು) ಈ ಹಂಚಿಕೆಯ ಫಲ. ಒಂದೇ ಜಿಲ್ಲೆಯ ಪಡುವಣದಲ್ಲಿ ಕಪ್ಪೆ ಕೂಗುತ್ತಿರುವಾಗ ಮೂಡಣದಲ್ಲಿ ಒಕ್ಕಲಿಗನು ಮೋಡದ ಕಡೆ ಮುಖವೆತ್ತಿ ನಿಂತಿರುವುದುಂಟು.

ಈ ಸೀಮೆಯವರು ಕಾಲವನ್ನು ಅಳೆಯುವ ರೀತಿಯಲ್ಲಿ ಸೂರ್ಯ ಚಂದ್ರರಿಬ್ಬರಿಗೂ ಬೇರೆಬೇರೆ ಪಾಲುಂಟು, ಮತ್ತು ಆ ಪಾಲು ಎಷ್ಟು ಸರಿಯಾಗಿ ಹಂಚಿದೆಯೆಂಬುದು ವಿಚಾರ ಮಾಡಿದಷ್ಟೂ ಸಂತೋಷ ಕೊಡುತ್ತದೆ. ಬಿತ್ತನೆಯ ಲೆಕ್ಕ ಸೂರ್ಯನದು. ರೋಹಿಣಿ ಮಳೆ, ಮಿರಗದ ಮಳೆ, ಆರಿದ್ರೆ, ಹಸ್ತ, ಚಿತ್ತ, ಸ್ವಾತಿ ಎಂದು ಹೇಳುವಾಗ ಅರ್ಥವಿಷ್ಟೇ: ಸೂರ್ಯನು ತನ್ನ ವಾರ್ಷಿಕ ಪಥದ ಇಪ್ಪತ್ತೇಳು ನಕ್ಷತ್ರಗಳಲ್ಲಿ ಆಯಾ ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳ ಅವಧಿ. ಮೇ 25ರ ಸುಮಾರಿಗೆ ರೋಹಿಣಿ ಹುಟ್ಟುತ್ತದೆ, ಜೂನ್ 8ರ ಸುಮಾರಿಗೆ ಮೃಗಶಿರ. ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಎಂಬ ಗಾದೆಯು ಈ ಲೆಕ್ಕವನ್ನು ನಂಬಿಯೇ ಹುಟ್ಟಿದ್ದು. ಹಬ್ಬದ ಲೆಕ್ಕವಾದರೋ ಚಂದ್ರನದು. ಜ್ಯೇಷ್ಠದ ಕಾರಹುಣ್ಣಿಮೆಯಂದು ಎತ್ತುಗಳ ಮೈತೊಳೆದು ಕೊಂಬಿಗೆ ಬಣ್ಣ ಬಳಿದು ಕರಿ ಹರಿಯುವುದು (ಅಡ್ಡ ಕಟ್ಟಿದ ತೋರಣವನ್ನು ಎತ್ತುಗಳು ಓಡಿ ಹರಿಯುವುದು), ಆಶ್ವಯುಜದ ಸೀಗಿ ಹುಣ್ಣಿಮೆಗೆ ಬೆಳೆದು ನಿಂತ ಹೊಲದಲ್ಲಿ ಚರಗ (ನೈವೇದ್ಯದ ಅಡಿಗೆ) ಚೆಲ್ಲುವುದು, ದೀಪಾವಳಿಯ ಪಾಡ್ಯದ ಸುತ್ತಿನಲ್ಲಿ ಕೊಬ್ಬರಿ ಹೋರಿಗಳನ್ನು ಓಡಿಸುವುದು, ಇವೆಲ್ಲ ತಿಥಿಯನ್ನು ಅನುಸರಿಸುತ್ತವೆ. ಕರಿ ಹರಿಯುವಾಗ ಕೆಂದೆತ್ತು ಮುಂದಾದರೆ ಮುಂಗಾರಿ ಬೆಳೆ ಚೆನ್ನ, ಬಿಳಿಯೆತ್ತು ಮುಂದಾದರೆ ಹಿಂಗಾರಿ ಚೆನ್ನ ಎಂಬ ನಂಬಿಕೆಯೂ ಉಂಟು.

ಆದರೆ ಚಂದ್ರನ ಹನ್ನೆರಡು ತಿಂಗಳು ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಸಾಲದು. ಹಾಗೆಯೇ ಬಿಟ್ಟಿದ್ದರೆ ಕೆಲವೇ ವರ್ಷಗಳಲ್ಲಿ ಕಾರಹುಣ್ಣಿಮೆಯು ಮಾಗಿಯ ಚಳಿಗೆ ಜಾರಿ, ಬಿತ್ತುವ ಎತ್ತಿನ ಹಬ್ಬವನ್ನು ಬಿತ್ತದ ಕಾಲದಲ್ಲಿ ಮಾಡಬೇಕಾಗುತ್ತಿತ್ತು. ಸಂಕ್ರಮಣವೇ ಇಲ್ಲದ ಚಾಂದ್ರಮಾಸವನ್ನು ಅಧಿಕಮಾಸವೆಂದು ಎಣಿಸಿ, ಹತ್ತೊಂಬತ್ತು ವರ್ಷಗಳಲ್ಲಿ ಏಳು ಸಲ ಹೀಗೆ ಕೂಡಿಸಿ, ನಮ್ಮ ಪಂಚಾಂಗಕಾರರು ಚಂದ್ರನನ್ನು ಸೂರ್ಯನ ಹಾದಿಗೆ ಮರಳಿ ಮರಳಿ ತಂದು ನಿಲ್ಲಿಸಿದ್ದಾರೆ. ಋತುವನ್ನು ಮಾಡುವವನು ಸೂರ್ಯನು, ಹಬ್ಬಗಳನ್ನು ಎಣಿಸಿಕೊಡುವವನು ಚಂದ್ರನು.

ಇನ್ನು ಭರತ-ಇಳಿತ. ಚಂದ್ರನು ಭೂಮಿಯನ್ನು ಸೆಳೆಯುತ್ತಾನೆಂಬುದಷ್ಟೇ ಭರತಕ್ಕೆ ಕಾರಣವಾಗಿದ್ದರೆ ನೀರು ಚಂದ್ರನಿರುವ ಒಂದೇ ಕಡೆ ಉಬ್ಬಬೇಕಾಗಿತ್ತು, ಭರತವೂ ದಿನಕ್ಕೊಮ್ಮೆಯೇ ಆಗಬೇಕಾಗಿತ್ತು. ನಿಜವಾದ ಕಾರಣ ಸೆಳೆತವಲ್ಲ, ಸೆಳೆತದಲ್ಲಿರುವ ಭೇದ. ಚಂದ್ರನಿಗೆ ಎದುರಾದ ಮಗ್ಗುಲಿನ ನೀರು ಭೂಗರ್ಭಕ್ಕಿಂತ ಹೆಚ್ಚು ಸೆಳೆಯಲ್ಪಡುತ್ತದೆ. ಹಿಂದಣ ಮಗ್ಗುಲಿನದು ಭೂಗರ್ಭಕ್ಕಿಂತ ಕಡಿಮೆ ಸೆಳೆಯಲ್ಪಟ್ಟು ಹಿಂದುಳಿಯುತ್ತದೆ. ಹೀಗೆ ಎರಡು ಕಡೆಯೂ ಉಬ್ಬು, ನಡುವೆ ಸುತ್ತಲೂ ತಗ್ಗು. ಭೂಮಿಯು ಈ ಉಬ್ಬುಗಳ ಕೆಳಗೆ ತಿರುಗುವಾಗ ಬಹುಪಾಲು ತೀರಗಳು ದಿನಕ್ಕೆ ಎರಡು ಭರತಗಳನ್ನು ಕಾಣುತ್ತವೆ. ಅಷ್ಟರಲ್ಲಿ ಚಂದ್ರನೂ ಮುಂದೆ ಸರಿದಿರುವುದರಿಂದ ಒಂದು ಭರತದಿಂದ ಇನ್ನೊಂದಕ್ಕೆ ಸರಾಸರಿ 12 ಗಂಟೆ 25 ನಿಮಿಷ ಹಿಡಿಯುತ್ತದೆ. ಇದನ್ನು ಗಣಿತದ ನೆಲೆಗಟ್ಟಿನ ಮೇಲೆ ನಿಲ್ಲಿಸಿದವನು ನ್ಯೂಟನ್, 1687ರಲ್ಲಿ.

ಭೂಮಿಯ ಮೇಲೆ ಸೂರ್ಯನ ಒಟ್ಟು ಸೆಳೆತ ಚಂದ್ರನದಕ್ಕಿಂತ ನೂರೆಪ್ಪತ್ತು ಮಡಿಗೂ ಹೆಚ್ಚು. ಆದರೂ ಭರತದಲ್ಲಿ ಚಂದ್ರನೇ ಮುಂದು. ಏಕೆಂದರೆ ಸೆಳೆತದ ಭೇದವು ದೂರದ ಘನಕ್ಕೆ ವಿಲೋಮವಾಗಿ ಕುಂದುತ್ತದೆ. ಸೂರ್ಯನ ದ್ರವ್ಯರಾಶಿ ಚಂದ್ರನದಕ್ಕಿಂತ 2.7 ಕೋಟಿ ಮಡಿ, ದೂರ ಸುಮಾರು 390 ಮಡಿ; 390ರ ಘನ ಆರು ಕೋಟಿಯ ಹತ್ತಿರ. ಭಾಗಿಸಿ ನೋಡಿದರೆ ಸೂರ್ಯನ ಭರತಶಕ್ತಿ ಚಂದ್ರನದರ ಅರ್ಧಕ್ಕೂ ತುಸು ಕಡಿಮೆ. ಇದೇ ಸತ್ಯಕ್ಕೆ ಇನ್ನೊಂದು ಸುಂದರವಾದ ದಾರಿಯುಂಟು. 1980ರ ಫೆಬ್ರವರಿ 16ರಂದು ಅಂಕೋಲೆ, ಗದಗ, ರಾಯಚೂರುಗಳ ಮೇಲೆ ಹಾದುಹೋದ ಖಗ್ರಾಸ ಗ್ರಹಣದಲ್ಲಿ ಚಂದ್ರಬಿಂಬವು ಸೂರ್ಯಬಿಂಬವನ್ನು ಅಚ್ಚಿನಲ್ಲಿ ಕೂರಿಸಿದಂತೆ ಮುಚ್ಚಿತು; ಅಂದರೆ ನಮ್ಮ ಕಣ್ಣಿಗೆ ಇಬ್ಬರ ಗಾತ್ರವೂ ಒಂದೇ. ಹೀಗೆ ಒಂದೇ ಗಾತ್ರವಾಗಿ ತೋರುವ ಎರಡು ಗೋಲಗಳಲ್ಲಿ ಭರತಶಕ್ತಿಯನ್ನು ನಿರ್ಣಯಿಸುವುದು ಅವುಗಳ ಸಾಂದ್ರತೆಯೊಂದೇ. ಚಂದ್ರನು ಕಲ್ಲು, ನೀರಿಗಿಂತ ಮೂರೂಕಾಲು ಮಡಿಗೂ ತುಸು ಹೆಚ್ಚು ತೂಕದವನು. ಸೂರ್ಯನು ಅನಿಲ, ನೀರಿನ ಒಂದೂವರೆ ಮಡಿಗೂ ಕಡಿಮೆ. ಕಲ್ಲು ಗೆದ್ದಿತು.

ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಸೆಳೆಯುವುದರಿಂದ ಭರತ ಹಿರಿದು. ಅಷ್ಟಮಿಯ ಸುಮಾರಿಗೆ ಒಬ್ಬನ ಸೆಳೆತವು ಇನ್ನೊಬ್ಬನದನ್ನು ಅಡ್ಡಗಟ್ಟುವುದರಿಂದ ಕಿರಿದು. ಕಾರವಾರದ ಕಡಲಲ್ಲಿ ಹಿರಿಯ ಭರತ-ಇಳಿತಗಳ ಅಂತರ ಎರಡು ಮೀಟರಿನ ಆಸುಪಾಸು. ಖಂಭಾತ್ ಕೊಲ್ಲಿಯ ಭಾವನಗರದ ಬಳಿ, ಕೊಲ್ಲಿಯು ಆಲಿಕೆಯಂತೆ ಕಿರಿದಾಗುತ್ತ ಹೋಗುವ ಕಾರಣ, ಹತ್ತು ಮೀಟರಿಗೂ ಮೀರುತ್ತದೆ. ಕುಮಟೆಯ ಅಘನಾಶಿನಿ ನದಿಯ ಅಳಿವೆಯಲ್ಲಿ ಭರತವೇ ಬೇಸಾಯದ ಯಜಮಾನ. ಅಲ್ಲಿಯ ಗಜನಿ ಭೂಮಿಗಳಿಗೆ ತೂಬಿನ ಬಾಗಿಲಿನ ಮೂಲಕ ಉಪ್ಪುನೀರು ಬಂದು ಹೋಗುತ್ತದೆ. ಮಳೆಗಾಲದ ಸಿಹಿನೀರು ಉಪ್ಪನ್ನು ತೊಳೆದ ಮೇಲೆ ಕಗ್ಗ ಎಂಬ, ಉಪ್ಪನ್ನು ಸಹಿಸುವ, ಎತ್ತರದ ಬತ್ತವನ್ನು ಬೆಳೆಯುತ್ತಾರೆ. ಬ್ಯಾಡಗಿಯ ಒಕ್ಕಲಿಗನು ಬಿಸಿಲನ್ನು ನೋಡಿ ಕಾಯಿ ಹರಡುವಂತೆ ಅಘನಾಶಿನಿಯ ಒಕ್ಕಲಿಗನು ತಿಥಿಯನ್ನು ನೋಡಿ ತೂಬು ತೆರೆಯುತ್ತಾನೆ.

ನೀರು ಮಾತ್ರವೇ ಉಬ್ಬುವುದೆಂದು ಭಾವಿಸಿದರೆ ಅದು ಅರ್ಧ ಸತ್ಯ. ಭೂಮಿಯ ಗಟ್ಟಿನೆಲವೂ ಸ್ಥಿತಿಸ್ಥಾಪಕವಾದುದರಿಂದ ಅದೂ ದಿನಕ್ಕೆರಡು ಸಲ ಏರಿಳಿಯುತ್ತದೆ. ನಮ್ಮ ಅಕ್ಷಾಂಶದಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಸುತ್ತಿನಲ್ಲಿ ಈ ಏರಿಳಿತ ಒಂದಡಿಗೂ ಮಿಕ್ಕುವುದುಂಟು. ಹಾವೇರಿಯ ಸಿದ್ಧೇಶ್ವರ ದೇವಾಲಯ, ರಾಣೆಬೆನ್ನೂರಿನ ಹತ್ತಿಯ ಹೊಲ, ಬ್ಯಾಡಗಿಯ ಪೇಟೆ, ಎಲ್ಲವೂ ಒಟ್ಟಿಗೆ, ನೂರಾರು ಕಿಲೋಮೀಟರಿನ ನೆಲದೊಡನೆ, ಮೆಲ್ಲಗೆ ಎದ್ದು ಮೆಲ್ಲಗೆ ಇಳಿಯುವುದರಿಂದ ಯಾರಿಗೂ ಅರಿವಾಗುವುದಿಲ್ಲ. ಸೂಕ್ಷ್ಮವಾದ ಗುರುತ್ವಮಾಪಕಗಳೂ ಉಪಗ್ರಹಗಳ ಅಳತೆಯೂ ಅದನ್ನು ಹಿಡಿಯುತ್ತವೆ. ಆ ಬಂಡೆಯ ಕಥೆಯೂ ಸಣ್ಣದಲ್ಲ. ಭೂವಿಜ್ಞಾನಿಗಳು ರಾಣೆಬೆನ್ನೂರಿನ ಹೆಸರಿನಿಂದಲೇ ಕರೆಯುವ ಶಿಲಾಶ್ರೇಣಿಯು ಧಾರವಾಡ ಶಿಲಾಸಮೂಹಕ್ಕೆ ಸೇರಿದ್ದು, 250 ಕೋಟಿ ವರ್ಷಗಳಿಗೂ ಹಿಂದೆ ನೀರಿನ ತಳದಲ್ಲಿ ಮರಳೂ ಕೆಸರೂ ಪದರಪದರವಾಗಿ ಕುಳಿತು ಕಲ್ಲಾದದ್ದು. ಆಗ ಚಂದ್ರನು ಇಂದಿಗಿಂತ ಹತ್ತಿರವಿದ್ದನು, ದಿನವೂ ಇಂದಿಗಿಂತ ಚಿಕ್ಕದಾಗಿತ್ತು. ಭರತದ ಘರ್ಷಣೆಯಿಂದ ಭೂಮಿಯ ಭ್ರಮಣ ನಿಧಾನವಾಗುತ್ತ, ಚಂದ್ರನು ವರ್ಷಕ್ಕೆ 3.8 ಸೆಂಟಿಮೀಟರಿನಂತೆ ದೂರ ಸರಿಯುತ್ತಿದ್ದಾನೆ; 1969ರಿಂದೀಚೆಗೆ ಚಂದ್ರನ ಮೇಲೆ ಇರಿಸಿದ ಕನ್ನಡಿಗಳಿಗೆ ಬೆಳಕು ಹಾಯಿಸಿ ಇದನ್ನು ಅಳೆದಿದ್ದಾರೆ.

ಋತುವಿಗೂ ಭರತಕ್ಕೂ ನಿಜವಾದ ನಂಟು ಇರುವ ಎಡೆಯೊಂದುಂಟು, ಅದು ಅಯನಚಲನ. ಭೂಮಿಯು ತನ್ನ ಭ್ರಮಣದಿಂದ ನಡುವಿನಲ್ಲಿ ಉಬ್ಬಿಕೊಂಡಿದೆ. ಭರತವನ್ನು ಎಬ್ಬಿಸುವ ಅದೇ ಸೆಳೆತದ ಭೇದವು ಈ ಉಬ್ಬನ್ನು ಹಿಡಿದು, ಓರೆಯಾದ ಅಕ್ಷವನ್ನು ನೆಟ್ಟಗೆ ನಿಲ್ಲಿಸಲು ಯತ್ನಿಸುತ್ತದೆ. ತಿರುಗುತ್ತಿರುವ ಬುಗುರಿಯು ಹೇಗೆ ಬೀಳದೆ ತಲೆಯನ್ನು ಸುತ್ತಿಸುತ್ತದೆಯೋ ಹಾಗೆ ಭೂಮಿಯ ಅಕ್ಷವೂ ಸುಮಾರು 25,800 ವರ್ಷಗಳಿಗೊಮ್ಮೆ ಆಕಾಶದಲ್ಲಿ ಒಂದು ಸುತ್ತು ಬರುತ್ತದೆ. ಇದರಲ್ಲಿಯೂ ಚಂದ್ರನ ಪಾಲು ಸೂರ್ಯನದಕ್ಕಿಂತ ಎರಡು ಮಡಿಗೂ ತುಸು ಹೆಚ್ಚು. ಭರತದಲ್ಲಿದ್ದ ಅನುಪಾತವೇ ಇಲ್ಲಿಯೂ ಇರುವುದು ಆಶ್ಚರ್ಯವಲ್ಲ, ಕೈ ಒಂದೇ ಆದುದರಿಂದ. ಫಲವಾಗಿ ನಕ್ಷತ್ರಗಳನ್ನು ಆಧರಿಸಿದ ವರ್ಷವು ಋತುಗಳ ವರ್ಷಕ್ಕಿಂತ ಇಪ್ಪತ್ತು ನಿಮಿಷ ದೊಡ್ಡದು. ಎಪ್ಪತ್ತು ಎಪ್ಪತ್ತೆರಡು ವರ್ಷಗಳಲ್ಲಿ ಅದು ಒಂದು ದಿನವಾಗುತ್ತದೆ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ, ಹಿಂದಿನ ಶಾಸ್ತ್ರಗಳು ಹೇಳಿದೆಡೆಯಲ್ಲಿ ಅಯನವು ಈಗ ಆಗುತ್ತಿಲ್ಲವೆಂದು ಸ್ಪಷ್ಟವಾಗಿ ಗುರುತಿಸಿದ್ದಾನೆ. ಇಂದು ನಿಜವಾದ ಉತ್ತರಾಯಣ ತೊಡಗುವುದು ಡಿಸೆಂಬರ್ 21-22ಕ್ಕೆ. ನಾವು ಎಳ್ಳುಬೆಲ್ಲ ಹಂಚುವುದು ಜನವರಿ 14-15ಕ್ಕೆ. 1863ರಲ್ಲಿ ವಿವೇಕಾನಂದರು ಮಕರ ಸಂಕ್ರಾಂತಿಯ ದಿನ ಹುಟ್ಟಿದರೆಂಬುದು ಪ್ರಸಿದ್ಧ. ಆ ದಿನದ ತಾರೀಖು ಜನವರಿ 12; ಅಂದಿನಿಂದ ಹಬ್ಬವು ಅಷ್ಟು ಮುಂದಕ್ಕೆ ಜಾರಿದೆ.

ಮಳೆಯ ನಕ್ಷತ್ರಗಳೂ ಇದೇ ರೀತಿ ಜಾರುತ್ತಿವೆ. ಮುಂಗಾರನ್ನು ತರುವುದು ಅಕ್ಷದ ಓರೆಯೇ ಹೊರತು ನಕ್ಷತ್ರವಲ್ಲವಾದುದರಿಂದ, ಇನ್ನು ಎರಡು ಸಾವಿರ ವರ್ಷಗಳಲ್ಲಿ ಮೃಗಶಿರವು ಜುಲೈ ತಿಂಗಳಿಗೆ ಸರಿದಿರುತ್ತದೆ. ಮಿರಗವನ್ನು ಕಾದು ಕೂರಿಗೆ ಹೂಡುವವನಿಗೆ ಆಗ ಬಿತ್ತುವ ಹದ ಮೀರಿರುತ್ತದೆ. ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿಯು ಈ ದೋಷವನ್ನು ಎತ್ತಿ ತೋರಿಸಿ, ಋತುಗಳಿಗೆ ಕಟ್ಟುಬಿದ್ದ ವರ್ಷವನ್ನು ಶಿಫಾರಸು ಮಾಡಿತು. 1957ರ ಮಾರ್ಚ್ 22ರಿಂದ, ಶಕ 1879ರ ಚೈತ್ರ 1ಕ್ಕೆ, ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂದಿತು. ಮನೆಗಳಲ್ಲಿ ಅದು ಬಳಕೆಗೆ ಬರಲಿಲ್ಲ. ಬಿತ್ತನೆಯ ವಿಷಯದಲ್ಲಾದರೂ ಅದರ ಮಾತನ್ನು ಕೇಳಬೇಕೆಂದು ಈ ಲೇಖಕನ ದೃಢವಾದ ಅಭಿಪ್ರಾಯ.

ಕಡಲಿನೊಡನೆ ಹಾವೇರಿಗೆ ಉಳಿದಿರುವ ಇನ್ನೊಂದು ಸಂಬಂಧ ನೀರಿನದು. ಅರಬ್ಬೀ ಸಮುದ್ರದಿಂದ ಸೂರ್ಯನು ಎತ್ತಿ ತಂದ ನೀರು ಈ ಸೀಮೆಯಲ್ಲಿ ಬಿದ್ದ ಮೇಲೆ ಬಂದ ಕಡಲಿಗೆ ಹಿಂದಿರುಗುವುದಿಲ್ಲ. ಸಾಗರದ ಬಳಿ ಹುಟ್ಟಿದ ವರದೆಯು ಧರ್ಮಾ ನದಿಯನ್ನು ಕೂಡಿಕೊಂಡು ಬಂದು ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಕುಮುದ್ವತಿಯೂ ತುಂಗಭದ್ರೆಯನ್ನೇ ಸೇರುತ್ತದೆ. ತುಂಗಭದ್ರೆ ಕೃಷ್ಣೆಯನ್ನು ಸೇರಿ ಮೂಡಣಕ್ಕೆ ಹರಿಯುತ್ತದೆ. ಅಣೆಕಟ್ಟುಗಳಲ್ಲಿ ನಿಂತು, ಕಾಲುವೆಗಳಿಗೆ ಹಂಚಿಹೋಗಿ, ಉಳಿದುದು ವಿಜಯವಾಡದ ಬ್ಯಾರೇಜನ್ನು ದಾಟಿ ಕೆಳಗಿಳಿದಾಗ, ಹಂಸಲದೀವಿಯ ಬಳಿಯ ಬಂಗಾಳ ಕೊಲ್ಲಿಯಿಂದ ಉಪ್ಪುನೀರಿನ ಭರತವು ನದಿಯೊಳಕ್ಕೆ ಏರಿ ಬಂದು ಅದನ್ನು ದಿನಕ್ಕೆರಡು ಸಲ ಹಿಂದಕ್ಕೆ ತಳ್ಳುತ್ತದೆ.